ಕಂಟ್ರಾಕ್ಟರ್ ಪರಮಶಿವಪ್ಪನವರ ಮೋಟಾರಿಗೆ ಹೊಸ ಹೆಡ್ಡು

ಹೊಸ ಮೈಸೂರು ರಾಜ್ಯ ಆಗಿ ಎರಡು ವರ್ಷವಾಗಿದ್ದ ಕಾಲ. ಶಿಕಾರಿಪುರದಲ್ಲಿ ಸ್ವಂತ ಮೋಟಾರು ಇಟ್ಟವರನ್ನು ಒಂದೇ ಕೈಯ ಬೆರಳಲ್ಲಿ ಎಣಿಸಿ, ಹೆಬ್ಬೆರಳನ್ನು ನಶ್ಯ ಏರಿಸಲು ಉಳಿಸಿಕೊಳ್ಳಬಹುದಾಗಿತ್ತು. ಅವುಗಳಲ್ಲಿ ಕಂಟ್ರಾಕ್ಟರ್ ಪರಮಶಿವಪ್ಪನವರ ಮೋಟಾರು ಕಣ್ಣಿಗಿಂತ ಮೊದಲು ಕಿವಿಗೆ ಬರುವಂಥದು. ಯುದ್ಧಕ್ಕಿಂತ ಮುಂಚಿನ ಅಮೆರಿಕದ ಗಾಡಿ. ಎಂಟು ಸಿಲಿಂಡರು, ಎಂಟಕ್ಕೂ ಬೇರೆ ಬೇರೆ ಸಂಕಟ. ಅದು ಕೆರೆ ಏರಿಯ ಆಚೆ ತುದಿಯಲ್ಲಿರುವಾಗಲೇ ಊರೊಳಗೆ ಢಬಢಬ ಕೇಳಿಸುತ್ತಿತ್ತು, ನಡುನಡುವೆ ಗರ್ನಾಲು ಹೊಡೆದಂತೆ ಒಂದು ಫಟಾರ್. ಆ ಫಟಾರಿಗೆ ಹೋಟೆಲಿನವನು ಕಾಫಿ ಬಿಸಿಗಿಡುತ್ತಿದ್ದ. ಬೀದಿಯ ಎಮ್ಮೆಗಳು ತಾವಾಗಿಯೇ ಬದಿಗೆ ಸರಿಯುತ್ತಿದ್ದವು. ಸೊರಬದ ರಸ್ತೆಯಲ್ಲಿ ಅವರು ಕಟ್ಟಿಸುತ್ತಿದ್ದ ಮೋರಿಯ ಪಕ್ಕ ಹೊಂಗೆಯ ನೆರಳಿಗೆ ಒರಗಿದ್ದ ಆಳುಗಳು ಎದ್ದು ಗುದ್ದಲಿ ಹಿಡಿಯುತ್ತಿದ್ದರು. "ನನ್ನ ಕೆಲಸದಾಗ ಒಬ್ಬ ಆಳು ಕೂತಿದ್ದನ್ನ ನಾನು ಕಣ್ಣಾರೆ ಕಂಡಿಲ್ಲ" ಎಂದು ಪರಮಶಿವಪ್ಪನವರು ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಅವರ ಹೆಂಡತಿ ಬಸವಣ್ಣೆಮ್ಮನಿಗೆ ಆ ಸದ್ದು ಕೊರಳಿನ ತಾಳಿಗಿಂತ ಒಂದು ಗುಲಗಂಜಿ ತೂಕ ಮಾತ್ರ ಕಡಿಮೆ. ಗಂಡ ಬೆಳಗಿನ ರೊಟ್ಟಿ ತಿಂದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನಡುವಿನ ಮಧ್ಯಾಹ್ನ ಆಕೆಯದು. ಎದುರು ಮನೆಯ ಹಾಜಿರಾ ಬೀ, ಪಕ್ಕದ ಮನೆಯ ಹಿರಿಯಾಕೆ ಬಂಗಾರಮ್ಮ ಹಿತ್ತಲ ಬಾಗಿಲಿಂದ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಎಲೆ ಅಡಿಕೆ ಆಗಿ, ಬೀದಿಯ ಸುದ್ದಿಯೆಲ್ಲ ಮುಗಿದ ಮೇಲೆ ಬಂಗಾರಮ್ಮ ಬೊಚ್ಚು ಬಾಯಿ ಒರೆಸಿಕೊಂಡು ಹೇಳುವಳು: "ಸಾಕು ಬಿಡು ಬಸವಣ್ಣೀ. ಇನ್ನ ಸಾಹುಕಾರನ್ನ ಕರಿ."

ಆಗ ಬಸವಣ್ಣೆಮ್ಮ ಎದ್ದು, ಗಂಡನ ಆರಾಮ ಕುರ್ಚಿಯನ್ನು ಬೀದಿಗೆ ಬೆನ್ನು ಮಾಡಿ ತಿರುಗಿಸುವಳು. ಗೂಟದ ಮೇಲಿನ ಎರಡನೇ ಕರೀ ಕೋಟು ತೊಡುವಳು. ಒಳಗೊಂದು ತಲೆದಿಂಬು ತುರುಕಿ ಹೊಟ್ಟೆ ಮಾಡಿಕೊಂಡು, ಹಳೇ ರುಮಾಲು ಸುತ್ತಿ, ಕುರ್ಚಿಯಲ್ಲಿ ಕಾಲು ಚಾಚಿ ಕೂತು ಒಮ್ಮೆ ಕೆಮ್ಮುವಳು. ಆ ಕೆಮ್ಮಿಗೇ ಹಾಜಿರಾ ಬೀಗೆ ಪಕ್ಕೆ ಹಿಡಿದುಕೊಳ್ಳುತ್ತಿತ್ತು. ಬಸವಣ್ಣೆಮ್ಮ ಇದನ್ನು ಕಲಿತವಳೇನಲ್ಲ. ಮದುವೆಯಾದಾಗಿನಿಂದ ಒಬ್ಬ ಮನುಷ್ಯನಿಗೆ ಎರಡು ಹೊತ್ತು ಬಡಿಸುತ್ತಾ ಎದುರಿಗೆ ನಿಂತವಳಿಗೆ ಅವನ ತೇಗು ಕೂಡ ಬಾಯಿಪಾಠವಾಗಿರುತ್ತದೆ. ಅದನ್ನು ಎಲ್ಲಾದರೂ ಒಪ್ಪಿಸಬೇಡವೇ?

ಏರಿಯ ಮೇಲೆ ಢಬಢಬ ಕೇಳಿತೋ, ಕೋಟು ಗೂಟಕ್ಕೆ, ದಿಂಬು ಹಾಸಿಗೆಗೆ, ಗೆಳತಿಯರು ಹಿತ್ತಲಿಗೆ, ಕುರ್ಚಿ ಬೀದಿಯ ಕಡೆಗೆ. ಪರಮಶಿವಪ್ಪನವರು ಇಳಿಯುವಾಗ ಹೆಂಡತಿ ಕಾಲಿಗೆ ನೀರಿನ ತಂಬಿಗೆ ಹಿಡಿದು, ತಲೆ ತುಂಬ ಸೆರಗು ಹೊದ್ದು, ಬಾಗಿಲಲ್ಲಿ ನಿಂತಿರುತ್ತಿದ್ದಳು. ಅಂಥ ಗೃಹಿಣಿ ತಾಲೂಕಿನಲ್ಲಿ ಇನ್ನೊಬ್ಬಳಿಲ್ಲ ಎಂದು ಅವರು ನಂಬಿದ್ದರು. ಆಕೆಯೂ ನಂಬಿದ್ದಳು.

ಎಲ್ಲ ಕೆಟ್ಟಿದ್ದು ಒಂದು ಏರಿನಿಂದ. ಸೊರಬದಲ್ಲಿ ನೆಂಟರ ಮದುವೆಗೆಂದು ಗಂಡ ಹೆಂಡತಿ ಹೊರಟಿದ್ದರು. ತಾಳಗುಂದದ ಹತ್ತಿರ ಒಂದು ಏರಿನಲ್ಲಿ ಮೋಟಾರು ಎಂದಿನಂತೆ ಆಲೋಚನೆ ಮಾಡುತ್ತಾ ಹತ್ತುತ್ತಿತ್ತು. ಹಿಂದಿನಿಂದ ಹೊಸ ಮಾಡಲಿನ ಗಾಡಿಯೊಂದು ಬಂದು, ಸೊಂಯ್ಯನೆ ಪಕ್ಕಕ್ಕೆ ಸರಿದು, ಜೊತೆಗೇ ನಿಧಾನ ಮಾಡಿತು. ಒಳಗೆ ಸೊರಬದಲ್ಲೇ ಮನೆ ಮಾಡಿದ್ದ ಪರಮಶಿವಪ್ಪನವರ ಷಡ್ಡಕರು, ಅಂದರೆ ಬಸವಣ್ಣೆಮ್ಮನ ತಂಗಿಯ ಗಂಡ. ಕಿಟಕಿಯಿಂದ ತಲೆ ಹಾಕಿ ಬಹಳ ವಿನಯದಿಂದ ಕೇಳಿದರು: "ಭಾವಾ, ಇಳಿದು ತಳ್ಳಬೇಕೇನ್ರೀ?"

ಮದುವೆಯ ಊಟದಲ್ಲಿ ಪರಮಶಿವಪ್ಪನವರು ಹೋಳಿಗೆ ಮುಟ್ಟಲಿಲ್ಲ. ಊರಿಗೆ ಬಂದವರೇ ಹಾಜಿರಾ ಬೀಯ ಗಂಡ, ಮೆಕ್ಯಾನಿಕ್ ವಲೀಸಾಬನನ್ನು ಜಗಲಿಗೆ ಕರೆಸಿದರು. ಬಸವಣ್ಣೆಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು.

"ಹೊಸ ಗಾಡಿ ಬ್ಯಾಡ ಧಣೀ. ನಿಮ್ಮ ಇಂಜಿನ್ನಿನ ಕೆಳಗಿನ ಬ್ಲಾಕು ಕರೀ ಕಲ್ಲು. ಕೆಟ್ಟಿರೋದೆಲ್ಲ ಮೇಲೆ" ಅಂದ ವಲೀಸಾಬ್. ಅವನು ಮಾತಾಡುವಾಗ ಎರಡೂ ಕೈಯಲ್ಲಿ ಇಂಜಿನ್ನನ್ನು ಗಾಳಿಯಲ್ಲೇ ಕಟ್ಟಿ ತೋರಿಸುವವನು. "ನಾಕು ಸಿಲಿಂಡರಿಗೆ ಒಂದು ಮುಚ್ಚಳ, ಈ ಕಡೆ ನಾಕಕ್ಕೆ ಇನ್ನೊಂದು. ಅವೇ ಹೆಡ್ಡು. ನಿಮ್ಮವು ಬಿರುಕು ಬಿಟ್ಟು ಹೊಗೆ, ಸದ್ದು ಎಲ್ಲಾ ಹೊರಗೆ ಬರ್ತಾವೆ. ಅಲ್ಲಿ ಸೊರಬದ ಹತ್ರ ಹುಣಸೇಮರಕ್ಕೆ ಗುದ್ದಿರೋ ಗಾಡಿ ಬಿದ್ದೈತೆ. ನಿಮ್ಮದೇ ಜಾತಿ, ಆದ್ರೆ ಹೊಸ ಮಾಡಲು. ಅದರ ಎರಡು ಹೆಡ್ಡು ತರ್ತೀನಿ. ಗಾಳಿ ಪೆಟ್ರೋಲು ಎಳ್ಕೊಳೋ ಮೇನಿಪೋಲು, ಅದರ ತಲೆ ಮೇಲಿನ ಕಾರ್ಬೊರೇಟರು, ಅವನ್ನೂ ತರ್ತೀನಿ. ಕೂರಿಸಿದ್ರೆ ಏರೇ ಬಂದು ನಿಮ್ಗೆ ಸಲಾಂ ಹೊಡೀತೈತೆ."

"ಬೋಲ್ಟಿನ ತೂತು ಕೂಡ್ತಾವೇನೋ?"

"ಬೋಲ್ಟಿಂದು ಕೂಡ್ತಾವೆ. ನೀರಿನ ತೂತು ಒಂದೆರಡು ಕೂಡಲ್ಲ. ಮುಚ್ಚೋದು ಮುಚ್ಚಿ, ಕೊರೆಯೋದು ಕೊರೀತೀನಿ. ಅದೆಲ್ಲ ನಂಗೆ ಬಿಡ್ರಿ."

"ಅಂದ್ರೆ ನನ್ನ ಗಾಡಿನೂ ಹೊಸ ಮಾಡಲು ಆದಂಗೆ?"

"ಒಳಗೆ ಹೊಸದು ಧಣೀ."

ಇದನ್ನು ಕೇಳಿ ಪರಮಶಿವಪ್ಪನವರು ಆ ಕ್ಷಣವೇ ಹತ್ತು ವರ್ಷ ಚಿಕ್ಕವರಾದರು. ಬಸ್‌ಸ್ಟ್ಯಾಂಡಿನ ಹತ್ತಿರದ ವಲೀಸಾಬನ ತಗಡಿನ ಶೆಡ್ಡಿನಲ್ಲಿ ಮೋಟಾರು ಬಾನೆಟ್ಟು ತೆರೆದುಕೊಂಡು ವಾರಗಟ್ಟಲೆ ನಿಂತಿತು. ಅಷ್ಟು ದಿನವೂ ಅವರು ಬೆಳಗಿನ ಬಸ್ಸಿನಲ್ಲಿ ಹೋಗಿ ದೀಪದ ಹೊತ್ತಿನ ಬಸ್ಸಿನಲ್ಲಿ ಬಂದು, ಪಕ್ಕ ಕೂತವರಿಗೆಲ್ಲ ಹೆಡ್ಡಿನ ವಿಚಾರ ಹೇಳಿ, ಅವರು ಇಳಿದು ಹೋದ ಮೇಲೂ ಹೇಳಿದರು.

ಇಂಜಿನ್ನು ಕೂಡಿದ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ನಡೆದದ್ದು ಬಸವಣ್ಣೆಮ್ಮನಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಪರಮಶಿವಪ್ಪನವರು ಸ್ಟೇರಿಂಗಿನ ಮುಂದೆ ಕೂತು, ದೇವರ ಹೆಸರು ಹೇಳಿ, "ಶುರು ಮಾಡೋ ವಲೀ" ಅಂದರಂತೆ.

"ಆಗೈತಲ್ಲ ಧಣೀ."

"ಎಲ್ಲಿ?"

ವಲೀಸಾಬ್ ಅವರ ಕೈಯನ್ನು ಹಿಡಿದು ಬಾನೆಟ್ಟಿನ ಮೇಲೆ ಇಟ್ಟನಂತೆ. ಒಳಗೆ ಬೆಕ್ಕು ನಿದ್ದೆ ಮಾಡುತ್ತಿರುವಷ್ಟು ನಡುಕ. ಪರಮಶಿವಪ್ಪನವರ ಮುಖ ಇಳಿದುಹೋಯಿತಂತೆ. ಹೆಚ್ಚಿನ ಶಕ್ತಿ ಅಂದರೆ ಹೆಚ್ಚಿನ ಸದ್ದು ಎಂದೇ ಅವರು ತಿಳಿದಿದ್ದರು. ಆದರೂ ಷಡ್ಡಕರಿಗೆ ತೋರಿಸಲೇಬೇಕಲ್ಲ. ವಲೀಸಾಬನನ್ನು ಪಕ್ಕಕ್ಕೆ ಕೂರಿಸಿಕೊಂಡು ಶೆಡ್ಡಿನಿಂದಲೇ ಸೊರಬಕ್ಕೆ ಹೊರಟರು. ದಾರಿಯ ಏರುಗಳೆಲ್ಲ ಒಂದೊಂದಾಗಿ ಮಾಯವಾಗುತ್ತಾ ಹೋದವು. ಸೊರಬದಲ್ಲಿ ಷಡ್ಡಕರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ತುಕ್ಕು ಹಿಡಿದ ಮಡ್ಗಾರ್ಡು ಮುಟ್ಟಿ, "ಹೊಸದು ಯಾವುದು ಭಾವಾ?" ಎಂದು ಕೇಳಿದರಂತೆ. ಕಾಫಿಗೂ ನಿಲ್ಲದೆ ಇವರು ಗಾಡಿ ತಿರುಗಿಸಿದರು. ಬರುವ ದಾರಿಯಲ್ಲಿ ಮೋರಿಯ ಹತ್ತಿರ ಇಳಿದರೆ, ಜೀವಮಾನದಲ್ಲಿ ಮೊದಲ ಸಲ, ಇಪ್ಪತ್ತು ಆಳುಗಳು ಸಾಲಾಗಿ ಗೊರಕೆ ಹೊಡೆಯುವುದನ್ನು ಕಣ್ಣಾರೆ ಕಂಡರು. ಸಾಲಿನ ತುದಿಯಲ್ಲಿ ಮೇಸ್ತ್ರಿ ಮಾಸ್ತಪ್ಪ. ಅವನನ್ನು ರಟ್ಟೆ ಹಿಡಿದು ಹಿಂದಿನ ಸೀಟಿಗೆ ತಳ್ಳಿ, "ನಿನ್ನ ವಿಚಾರಣೆ ಮನೆಯಲ್ಲಿ" ಎಂದು ಹೊರಟವರು, ದೀಪದ ಹೊತ್ತಿಗಲ್ಲ, ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ಮನೆಯ ಮುಂದೆ ಬಂದು ನಿಂತರು. ಏರಿಗೆ ಸುದ್ದಿ ಇಲ್ಲ, ಊರಿಗೆ ಸುದ್ದಿ ಇಲ್ಲ.

ಒಳಗೆ ಆ ಹೊತ್ತಿಗೆ ಸಾಹುಕಾರರು ರಂಗಕ್ಕೆ ಬಂದಿದ್ದರು.

"ಏನೋ! ಮೂರು ಚೀಲ ಸಿಮೆಂಟು ಎಲ್ಲಿ ಹೋಯ್ತೋ? ಇಲಿ ತಿಂತಾ? ತಿಂದಿದ್ರೆ ಆ ಇಲಿನೇ ತಂದು ಮೋರಿಗೆ ಕಟ್ಟು, ಗಟ್ಟಿಯಾಗಿರ್ತದೆ!" ಎಂದು ಬಸವಣ್ಣೆಮ್ಮ ಹೊಟ್ಟೆ ಕುಣಿಸಿದಳು. ಬಂಗಾರಮ್ಮ ಗೋಡೆಗೆ ತಲೆ ಇಟ್ಟು ನಗುತ್ತಿದ್ದಳು. ಹಾಜಿರಾ ಬೀ ಕಣ್ಣೀರು ಒರೆಸಿಕೊಂಡು, "ಅಕ್ಕಾ, ಸಾಕು, ಜೀವ ಹೋಗ್ತೈತೆ" ಅನ್ನುತ್ತಿದ್ದಳು. ಹೀಗೆ ನಗುವವರಿಗೆ ಹೊಸ್ತಿಲಲ್ಲಿ ಬಿದ್ದ ನೆರಳು ಕಾಣುವುದಿಲ್ಲ. ಕುರ್ಚಿಯಲ್ಲಿದ್ದವಳಿಗಂತೂ ಹೊಸ್ತಿಲು ಬೆನ್ನ ಹಿಂದೆ.

ಹೊಸ್ತಿಲಲ್ಲಿ ಪರಮಶಿವಪ್ಪನವರು ಕಂಬವಾಗಿದ್ದರು. ಬಿಸಿಲಿನಿಂದ ಬಂದ ಕಣ್ಣಿಗೆ ಅರೆಗತ್ತಲೆಯಲ್ಲಿ ಕಂಡದ್ದು ಇಷ್ಟು: ತಮ್ಮ ಮನೆ, ತಮ್ಮ ಕುರ್ಚಿ, ಅದರಲ್ಲಿ ಕೋಟು ರುಮಾಲು ತೊಟ್ಟು ಕಾಲು ಚಾಚಿದ ಒಬ್ಬ ಗಂಡಸು. ಸುತ್ತ ಬೀದಿಯ ಹೆಂಗಸರು. ಆ ಗಂಡಸು ಮತ್ತೊಮ್ಮೆ ಕೆಮ್ಮಿ ಗದರಿದ. ಯಾವನೋ ದೊಡ್ಡ ಮನುಷ್ಯನೇ ಇರಬೇಕು. ಚಪ್ಪಲಿ ಕೈಯಲ್ಲಿ ಹಿಡಿದು, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ, ಬೀದಿಯ ನಡುವೆ ನಿಂತ ಮೇಲೆ ಧೈರ್ಯ ಬಂದು ಕೂಗಿದರು:

"ದಫೇದಾರ್ರೇ! ಕೆಂಪಪ್ಪನೋರೇ! ನನ್ನ ಮನೇಲಿ ಯಾವನೋ ಗಂಡಸು!"

ಪಡಸಾಲೆಯ ನಗು ನಡುವಿನಲ್ಲೇ ಕತ್ತರಿಸಿ ಬಿತ್ತು. ಬಸವಣ್ಣೆಮ್ಮನಿಗೆ ಮೊದಲು ಹೊಳೆದದ್ದು, ಮೋಟಾರಿಲ್ಲದೆ ಗಂಡ ಹೇಗೆ ಬಂದರು ಎಂಬುದು. ಎರಡನೆಯದು, ಗಂಡಸು ಎಲ್ಲಿ ಎಂಬುದು. ಅವಳೂ ಒಂದು ಕ್ಷಣ ಹೆದರಿ ಅತ್ತಿತ್ತ ನೋಡಿದಳು. ಆಮೇಲೆ ತನ್ನ ಹೊಟ್ಟೆಯ ಮೇಲಿದ್ದ ದಿಂಬನ್ನು ನೋಡಿಕೊಂಡಳು.

ಕೋಟು, ರುಮಾಲು, ದಿಂಬು ಒಂದೇ ಮೂಟೆಯಾಗಿ ದೇವರ ಕೋಣೆಗೆ ಬಿದ್ದವು. ಗೆಳತಿಯರು ಹಿತ್ತಲಿಗೆ ಓಡುವ ಮೊದಲೇ ಮುಂಬಾಗಿಲಲ್ಲಿ ಜನ. ಪರಮಶಿವಪ್ಪನವರು, ವಲೀಸಾಬ್, ಮಾಸ್ತಪ್ಪ, ಬೀದಿಯ ಕೊನೆಯ ಮನೆಯಿಂದ ಅರ್ಧ ಬೋಳಿಸಿದ ಗಡ್ಡದಲ್ಲೇ ಟೋಪಿ ಇಟ್ಟು, ಲಾಠಿ ಹಿಡಿದು ಬಂದ ಪೊಲೀಸ್ ದಫೇದಾರ್ ಕೆಂಪಪ್ಪ. ಅವರ ಹಿಂದೆ ಕತ್ತು ಚಾಚಿದ ಅರ್ಧ ಬೀದಿ.

"ಎಲ್ಲವನು?" ಎಂದರು ಗಂಡ.

"ಯಾರು?" ಎಂದಳು ಬಸವಣ್ಣೆಮ್ಮ. "ಇಲ್ಲಿ ಯಾರೂ ಇಲ್ಲ. ನಾವೇ ಹೆಂಗಸರು ಇದ್ವಿ."

ಅದು ಸತ್ಯವೇ. ಆದರೆ ಅವಳ ಮುಖ ಬಿಳಿಚಿಕೊಂಡಿದ್ದ ರೀತಿಗೆ ಯಾವ ಸತ್ಯವೂ ಸುಳ್ಳಾಗಿ ಕಾಣುತ್ತಿತ್ತು. ಗೆಳತಿಯನ್ನು ಉಳಿಸಬೇಕೆಂದು ಬಂಗಾರಮ್ಮ ನಡುವೆ ಬಾಯಿ ಹಾಕಿದಳು: "ಕಳ್ಳನಪ್ಪಾ ಕಳ್ಳ! ಹಿತ್ತಲಿಂದ ಓಡಿಹೋದ!"

ಅಲ್ಲಿಗೆ ಇಲ್ಲದ ಗಂಡಸಿಗೆ ಜೀವ ಬಂತು.

ದಫೇದಾರರು ಕುರ್ಚಿಯ ಮೇಲೆ ಕೈ ಇಟ್ಟು, "ಇನ್ನೂ ಬೆಚ್ಚಗೈತಿ" ಎಂದರು. "ಆಸಾಮಿ ಹೆಂಗಿದ್ದ?"

"ಉದ್ದ" ಎಂದಳು ಹಾಜಿರಾ ಬೀ.

"ಗಿಡ್ಡ" ಎಂದಳು ಬಂಗಾರಮ್ಮ, ಅದೇ ಉಸಿರಿನಲ್ಲಿ.

"ಅವರನ್ನೇನು ಕೇಳ್ತೀರಿ, ನಾನು ಹೇಳ್ತೀನಿ ಬರ್ರಿ" ಎಂದು ಪರಮಶಿವಪ್ಪನವರು ಮುಂದೆ ಬಂದರು. "ಹಂದಿ ಹಂಗೆ ಮೈ. ಹೊಟ್ಟೆ ಮಡಿಲಿಗೆ ಇಳಿದೈತಿ. ಮೈಯಾಗೆಲ್ಲ ಸೊಕ್ಕು. ಕೂತ ಠೀವಿ ನೋಡಿದ್ರೆ ಭೂಮಿ ಅವನಪ್ಪಂದು. ದನಿಯಂತೂ ಒಡಕು ತಗಡು. ಒಂದು ಸಾರಿ ಕೆಮ್ಮಿದ, ಮುದಿ ಎಮ್ಮೆ ಕೆಮ್ಮಿದಂಗೆ. ಒಟ್ಟಾರೆ ಮನುಷ್ಯತ್ವ ಇಲ್ಲದ ಮುಖ ಕಣ್ರೀ."

"ಮುಖ ಕಂಡ್ರಾ?"

"ಬೆನ್ನು ಕಂಡೆ. ಬೆನ್ನಲ್ಲೇ ಗೊತ್ತಾಗ್ತೈತಿ."

ಹಾಜಿರಾ ಬೀ ಸೆರಗನ್ನು ಬಾಯಿಗೆ ತುರುಕಿಕೊಂಡಳು. ವಲೀಸಾಬ್ ಅದನ್ನು ನೋಡಿ, ಹೆಂಡತಿಗೆ ಹೆದರಿಕೆಯಿಂದ ಮೂರ್ಛೆ ಬರುತ್ತಿದೆ ಎಂದುಕೊಂಡು ನೀರು ತರಲು ಓಡಿದ.

ನಗುವ ಹೊತ್ತು ಅದಾಗಿರಲಿಲ್ಲ. ಜಗಲಿಯ ಕೆಳಗಿನಿಂದ ಯಾವಳೋ ಒಬ್ಬಳು, ಗುಟ್ಟಿನಲ್ಲಿ ಹೇಳುವವರಂತೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು: "ಕಳ್ಳ ಬಂದ್ರೆ ಹೆಂಗಸರು ಕಿರುಚ್ತಾರೆ. ಇವರು ನಗ್ತಿದ್ರಂತಲ್ಲವ್ವಾ?"

ಬೀದಿ ಇನ್ನೊಂದು ಹೆಜ್ಜೆ ಹತ್ತಿರ ಬಂತು. ಬಸವಣ್ಣೆಮ್ಮ ಆ ಮಾತಿನ ಲೆಕ್ಕ ಹಾಕಿದಳು. ಒಬ್ಬ ಗಂಡಸು ಗಂಡನಿಲ್ಲದ ಹೊತ್ತಿನಲ್ಲಿ ಮನೆಯೊಳಗೆ ಕಾಲು ಚಾಚಿ ಕೂತಿದ್ದ, ಇವಳು ನಗುತ್ತಿದ್ದಳು. ನಾಳೆ ಬೆಳಗಿನೊಳಗೆ ಈ ಮಾತು ಸಂತೆಯಲ್ಲಿರುತ್ತದೆ, ನಾಡಿದ್ದು ಸೊರಬದಲ್ಲಿ, ತಂಗಿಯ ಮನೆಯ ಕಾಫಿ ಲೋಟದಲ್ಲಿ.

ಪರಮಶಿವಪ್ಪನವರು ಕಣ್ಣು ತುಂಬಿಕೊಂಡು ಹೆಂಡತಿಯ ಕಡೆ ತಿರುಗಿದರು. "ಸೀರೆ ಗಂಟು ಕಟ್ಟಿಕೋ. ಸೊರಬಕ್ಕೆ, ನಿನ್ನ ತವರಿಗೆ ಬಿಟ್ಟು ಬರ್ತೀನಿ. ಯಾವನು ಅಂತ ಹೇಳೋ ತನಕ ಈ ಮನೆ ಹೊಸ್ತಿಲು ತುಳೀಬೇಡ." ಹೆಗಲ ಮೇಲಿನ ಟವೆಲಿನಲ್ಲಿ ಕಣ್ಣೊರೆಸಿಕೊಂಡರು. "ದೂರ ಅಂತ ತಿಳ್ಕೋಬೇಡ. ಈಗ ಮೊದಲಿನ ಅರ್ಧದಷ್ಟೂ ಹೊತ್ತು ಹಿಡಿಯಲ್ಲ. ಹೊಸ ಹೆಡ್ಡು. ತಾಳಗುಂದದ ಏರಲ್ಲಿ ಗೇರು ಸಹಿತ ಬದಲಾಯಿಸಲಿಲ್ಲ ನಾನು. ಹೇಳೋ ವಲೀ."

"ಹೌದು ಧಣೀ, ಟಾಪ್ ಗೇರಲ್ಲೇ ಹತ್ತಿತು" ಎಂದ ವಲೀಸಾಬ್, ನೀರಿನ ಚೊಂಬು ಹಿಡಿದು, ಅಳುಮುಖದಲ್ಲೇ.

"ದಫೇದಾರ್ರೇ" ಎಂದಳು ಬಸವಣ್ಣೆಮ್ಮ. ಅವಳ ದನಿ ಅವಳಿಗೇ ಹೊಸದಾಗಿತ್ತು. "ಆ ಗಂಡಸು ಒಳಗೇ ಇದಾನೆ. ಕರ್ಕೊಂಡು ಬರ್ತೀನಿ. ನೀವು ಇಲ್ಲೇ ನಿಂತಿರ್ರಿ."

ಬೀದಿಯಿಂದ ಹೋ ಎಂಬ ಉದ್ಗಾರ ಎದ್ದಿತು. ಪರಮಶಿವಪ್ಪನವರು ಎರಡು ಹೆಜ್ಜೆ ಹಿಂದೆ ಸರಿದು ಮಾಸ್ತಪ್ಪನ ಬೆನ್ನ ಹಿಂದೆ ನಿಂತರು. ದಫೇದಾರರು ಲಾಠಿ ಎತ್ತಿ ಹಿಡಿದರು. ದೇವರ ಕೋಣೆಯ ಬಾಗಿಲು ಮುಚ್ಚಿತು, ತೆರೆಯಿತು. ಕರೀ ಕೋಟು, ಕೆಳಗೆ ಸೀರೆಯ ನಿರಿಗೆ, ಮುಂದೆ ಹೊಟ್ಟೆ, ಮೇಲೆ ರುಮಾಲು. ಹೊಟ್ಟೆ ಮೊದಲು ಬಂತು, ಅದರ ಹಿಂದೆ ಬಸವಣ್ಣೆಮ್ಮ. ಯಾರನ್ನೂ ನೋಡದೆ ನಡೆದು, ಕುರ್ಚಿಯಲ್ಲಿ ಧೊಪ್ಪನೆ ಕೂತು, ಕಾಲು ಚಾಚಿ, ಕೆಮ್ಮಿ, ಗದರಿದಳು: "ಏನೋ! ನನ್ನ ಗಾಡಿ ಏರು ಹತ್ತೋದನ್ನ ನೋಡಿದ್ಯೇನೋ? ಒಳಗೆಲ್ಲ ಹೊಸದು ಕಣೋ! ಹೊರಗೇನು ನೋಡ್ತೀಯ, ನನ್ನ ನೋಡು!"

"ಇವನೇ!" ಎಂದು ಪರಮಶಿವಪ್ಪನವರು ಮಾಸ್ತಪ್ಪನ ಹೆಗಲ ಮೇಲಿಂದ ಬೆರಳು ಚಾಚಿ ಕೂಗಿದರು. "ಇವನೇ ರೀ, ಹಿಡೀರಿ ಅವನನ್ನ!"

ಯಾರೂ ಹಿಡಿಯಲಿಲ್ಲ. ದಫೇದಾರರ ಲಾಠಿ ಮೆಲ್ಲಗೆ ಕೆಳಗಿಳಿಯಿತು. ಕುರ್ಚಿಯನ್ನು ನೋಡಿದರು, ಪರಮಶಿವಪ್ಪನವರನ್ನು ನೋಡಿದರು, ಮತ್ತೆ ಕುರ್ಚಿಯನ್ನು ನೋಡಿದರು.

"ಪರಮಶಿವಪ್ಪನೋರೇ," ಎಂದರು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಇದು ನೀವೇ ಅಲ್ಲೇನ್ರೀ?"

"ನಾನಾ? ನಾನೆಲ್ಲಿ ಹಂಗಿದೀನಿ?"

ಉತ್ತರಕ್ಕಾಗಿ ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಹೋಟೆಲಿನವನು ಆಕಾಶ ನೋಡಿದ. ವಲೀಸಾಬ್ ಚೊಂಬಿನೊಳಗೆ ಏನನ್ನೋ ಹುಡುಕಿದ. ಇಡೀ ಬೀದಿಯಲ್ಲಿ ಅವರನ್ನು ಗುರುತಿಸದೆ ಇದ್ದವರು ಅವರೊಬ್ಬರೇ ಎಂಬುದು ಮೆಲ್ಲಗೆ, ಹಳೇ ಇಂಜಿನ್ನು ಏರು ಹತ್ತಿದಂತೆ, ಅವರ ತಲೆಗೆ ಹತ್ತಿತು. ಮುಖ ಕೆಂಪಾಯಿತು, ಕಪ್ಪಾಯಿತು. ಈಗ ಹೊಡೆಯುತ್ತಾರೆ ಎಂದು ಬಂಗಾರಮ್ಮ ಕಣ್ಣು ಮುಚ್ಚಿಕೊಂಡಳು. ಬಸವಣ್ಣೆಮ್ಮ ಮುಚ್ಚಲಿಲ್ಲ, ಆದರೆ ಕೋಟಿನೊಳಗೆ ಅವಳ ಕೈ ದಿಂಬನ್ನು ಗಟ್ಟಿಯಾಗಿ ಅವುಚಿಕೊಂಡಿತ್ತು.

ಆಗ ಮಾಸ್ತಪ್ಪನಿಗೆ ತಡೆಯಲಾಗಲಿಲ್ಲ. ಮೂಗಿನಲ್ಲಿ ಬುಸ್ಸೆಂದು ನಗು ಹೊರಟಿತು. "ತಪ್ಪಾಯ್ತು ಧಣೇರೇ. ಆದ್ರೆ ಅಮ್ಮಾರು ನಿಮ್ಮ ನಕಲು ಮಾಡೋದು ನೋಡಿದ್ರೆ, ಮೋರಿ ಹತ್ರ ಊಟ ಆದ್ಮೇಲೆ ನೀವು ಅಮ್ಮಾರ ನಕಲು ಮಾಡೋದೇ ನೆನಪಾಗ್ತದೆ ಮಾರಾಯ್ರೇ."

"ಏನು?" ಎಂದಳು ಬಸವಣ್ಣೆಮ್ಮ. ಅದು ಸಾಹುಕಾರರ ದನಿಯಾಗಿರಲಿಲ್ಲ.

"ದಿನಾ ಮಾಡ್ತಾರೆ ಅಮ್ಮಾ. ನಮ್ಮ ಆಳುಗಳು ಅದಕ್ಕೇ ಕೆಲ್ಸ ಬಿಟ್ಟು ಹೋಗದೇ ಇರೋದು."

ಪರಮಶಿವಪ್ಪನವರು ಒಮ್ಮೆ ಮಾಸ್ತಪ್ಪನನ್ನು ಸುಡುವಂತೆ ನೋಡಿದರು. ಆಮೇಲೆ ಕುರ್ಚಿಯಲ್ಲಿದ್ದ ಹೊಟ್ಟೆಯನ್ನು ನೋಡಿದರು. ಇಡೀ ಬೀದಿಯ ಮುಂದೆ ಹೋದ ಮಾನ ಇನ್ನೆಲ್ಲಿಗೆ ಹೋಗಬೇಕು? ಹೆಗಲ ಮೇಲಿನ ಟವೆಲನ್ನು ಬಿಡಿಸಿ ತಲೆಯ ಮೇಲೆ ಹೊದ್ದರು. ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿದರು. ಸೊಂಟದ ಮೇಲೊಂದು ಕೈ ಇಟ್ಟು, ಕತ್ತನ್ನು ಒಂದು ಕಡೆ ವಾಲಿಸಿ, ಎಳೆದ ದನಿಯಲ್ಲಿ ಶುರು ಮಾಡಿದರು:

"ಅಲ್ರೀ, ನಾನೇನಾದ್ರೂ ಅಂದೆನಾ? ನಾನು ಬಾಯಿ ಬಿಟ್ಟೆನಾ? ಮೋಟಾರಿಗೆ ಎರಡೆರಡು ಹೆಡ್ಡು ತರ್ತೀರಿ, ನಂಗೆ ಒಂದು ರುಬ್ಬೋ ಗುಂಡು ತರ್ರಿ ಅಂದ್ರೆ ಕಿವಿ ಕೇಳಲ್ಲ. ಇರ್ಲಿ ಬಿಡ್ರಿ, ನಾನ್ಯಾರು ಕೇಳೋಕೆ! ಸೊರಬಕ್ಕೆ ಬಿಟ್ಟು ಬರ್ತೀರಾ? ನಾನ್ಯಾಕ್ರೀ ಹೋಗ್ಲಿ? ಇದು ನನ್ನ ಮನೆ. ಬೇಕಾದ್ರೆ ನೀವು ಹೋಗ್ರಿ, ಹೆಡ್ಡು ತಗೊಂಡು!"

ಬಂಗಾರಮ್ಮ ಕಣ್ಣು ತೆರೆದಳು. ಹಾಜಿರಾ ಬೀ "ಯಾ ಅಲ್ಲಾ" ಎಂದು ನೆಲಕ್ಕೆ ಕೂತಳು. ಬಸವಣ್ಣೆಮ್ಮ ರುಮಾಲಿನ ಕೆಳಗೆ ಬಾಯಿ ತೆರೆದುಕೊಂಡು ಕೂತಿದ್ದಳು. ಆ ವಾಲಿದ ಕತ್ತು, ಆ ಎಳೆದ ದನಿ, ಬೈಯುವುದನ್ನೆಲ್ಲ ಬೈದು ಏನೂ ಅನ್ನಲಿಲ್ಲ ಅನ್ನುವ ಆ ಜಾಣತನ! ತಾನು ಹಾಗಿಲ್ಲ ಎಂದು ಹೇಳಲು ಹಾಜಿರಾ ಬೀಯ ಕಡೆ ನೋಡಿದಳು. ಹಾಜಿರಾ ಬೀ ಮುಖ ಮುಚ್ಚಿಕೊಂಡಿದ್ದಳು, ಭುಜಗಳು ಮಾತ್ರ ಕುಣಿಯುತ್ತಿದ್ದವು.

ಸೊರಬಕ್ಕೆ ಹೋಗಬೇಕಾಗಿಲ್ಲ ಎಂಬುದು ಬಸವಣ್ಣೆಮ್ಮನಿಗೆ ಆಮೇಲೆ ಅರ್ಥವಾಯಿತು. ಯಾರ ಬಾಯಿಯಿಂದ ಬಂದರೇನು, ತೀರ್ಪು ತೀರ್ಪೇ. ಬೀದಿಯೆಲ್ಲ ಈಗ ಕುರ್ಚಿಯ ಕಡೆ ನೋಡುತ್ತಿತ್ತು, ಯಜಮಾನರು ಏನನ್ನುತ್ತಾರೋ ಎಂದು. ಬಸವಣ್ಣೆಮ್ಮ ಜಾರಿದ ರುಮಾಲನ್ನು ಮೇಲಕ್ಕೆ ತಳ್ಳಿದಳು. ಒಮ್ಮೆ ಕೆಮ್ಮಿದಳು.

"ಆಯ್ತು, ಜಾಸ್ತಿ ಮಾತು ಬ್ಯಾಡ. ದಫೇದಾರ್ರು ಬಂದಾರೆ. ಹೋಗಿ ಎಲ್ಲಾರಿಗೂ ಕಾಫಿ ಮಾಡ್ಕೊಂಡು ಬಾ."

"ಹ್ಞೂಂ ರೀ" ಎಂದ ಪರಮಶಿವಪ್ಪನವರು, ಟವೆಲಿನ ತುದಿಯನ್ನು ಕಚ್ಚಿಕೊಂಡೇ, ತಲೆ ತಗ್ಗಿಸಿ ಅಡಿಗೆಮನೆಗೆ ನಡೆದುಬಿಟ್ಟರು.

ದಫೇದಾರರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಬೀದಿಯಲ್ಲಿ ನಗುವ ಧೈರ್ಯ ಯಾರಿಗೂ ಬರಲಿಲ್ಲ. ಒಳಗೆ ಒಂದು ಪ್ಲೇಟು ಬಿತ್ತು, ಇನ್ನೊಂದು ಬಿತ್ತು. ಬಹಳ ಹೊತ್ತಿನ ಮೇಲೆ, ಎಲ್ಲರೂ ಬಲ್ಲ ಆ ಒಡಕು ತಗಡಿನ ದನಿ, ಈ ಸಲ ಗದರದೆ, ಸ್ವಲ್ಪ ಗಾಬರಿಯಿಂದ, ಹೊರಗೆ ಬಂತು:

"ಏ ಇವಳೇ, ಒಲೆ ಹಚ್ಚೋದು ಯಾವ ಕಡೆಯಿಂದ?"